ಮೂರನೇ ಜ್ವರ

ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಟೀಮ್ ಲೀಡರ್ ಶಾಂಭವಿ ಮೇಡಂ ನನಗೆ ಐದು ಯೂಸರ್ ಸ್ಟೋರಿ ಬರೆದುಕೊಂಡು ಬಾ ಎಂದರು. ಗೌರಿಬಿದನೂರಿನ ಮೇಷ್ಟ್ರ ಮಗ ನಾನು, ಕಥೆ ಅಂದರೆ ಬಿಡುತ್ತೇನೆಯೇ? ಗಂಗುಲಪ್ಪ ಅಂತ ಒಬ್ಬ ರೈತ, ಅವನದೊಂದು ಕುಂಟು ಎತ್ತು, ಕೊನೆಗೆ ಕಣ್ಣೀರು. ಒಂದೊಂದೂ ಮೂರು ಪುಟ. ಮೇಡಂ ಒಂದನ್ನು ಪೂರ್ತಿ ಓದಿ ಕನ್ನಡಕ ತೆಗೆದು, "ಎತ್ತು ಚೆನ್ನಾಗಿದೆ ಕಣಪ್ಪ. ಆದ್ರೆ ಗಂಗುಲಪ್ಪನಿಗೆ ಬಟನ್ ಎಲ್ಲಿ ಬೇಕು ಅಂತ ಬರೀಲೇ ಇಲ್ವಲ್ಲ?" ಎಂದರು. ಯೂಸರ್ ಸ್ಟೋರಿ ಅಂದರೆ ಎರಡೇ ಸಾಲಂತೆ: ಬಳಸುವವರು ಯಾರು, ಅವರಿಗೇನು ಬೇಕು, ಯಾಕೆ ಬೇಕು. ಡೆವಲಪರ್‌ಗಳು ಅದನ್ನು ನೋಡಿಕೊಂಡು ಸಾಫ್ಟ್‌ವೇರ್ ಮಾಡುತ್ತಾರೆ.

ಚಿಂತಾಮಣಿಯಲ್ಲಿ, ಒಂದು ಗೊಬ್ಬರದಂಗಡಿಯ ಮಹಡಿ ಮೇಲೆ, ಏಳು ಜನರ ಕಂಪನಿ ನಮ್ಮದು. ರೇಷ್ಮೆ ಹುಳ ಸಾಕುವವರಿಗೆ ಸಲಹೆ ಕೊಡುವ ಆ್ಯಪ್ ಒಂದನ್ನು ಮಾಡಬೇಕಿತ್ತು. ಎರಡು ದಿನ ಇದ್ದು ಎಲ್ಲ ನೋಡಿಕೊಂಡು ಬಾ ಅಂತ ನನ್ನನ್ನು ಮೇಲೂರಿನ ಓಬಳಮ್ಮನ ಮನೆಗೆ ಕಳಿಸಿದರು.

ಓಬಳಮ್ಮನಿಗೆ ಐವತ್ತೆಂಟು. ಮದುವೆಯಾಗಿ ಬಂದ ವರ್ಷದಿಂದ ಹುಳದ ಮನೆ ಅವರದೇ. ಒಳಗೆ ಹೋಗಲು ಬೇರೆಯೇ ಒಂದು ಸೀರೆ. ಕೈಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಗಂಡ ಚೆನ್ನರಾಯಪ್ಪ ಬೀಡಿ ಬಿಟ್ಟದ್ದು ಡಾಕ್ಟರು ಹೇಳಿದರು ಅಂತಲ್ಲ, ಹುಳಕ್ಕೆ ಆಗಲ್ಲ ಅಂತ ಇವರು ಹೇಳಿದರು ಅಂತ. ಈಗ ಓಬಳಮ್ಮನಿಗೆ ಮಂಡಿ ನೋವು, ಮೇಲಿನ ಸಾಲಿನ ಹುಳದ ತಟ್ಟೆಗಳಿಗೆ ಕೈ ಎಟುಕಿಸುವುದು ಕಷ್ಟ. ಆರು ತಿಂಗಳ ಹಿಂದೆ ಚಿಕ್ಕಬಳ್ಳಾಪುರದಿಂದ ಸೊಸೆಯಾಗಿ ಬಂದ, ಹುಳ ಸಾಕಿ ಗೊತ್ತಿಲ್ಲದ ಚೈತ್ರಳ ಕೈಗೆ ಹುಳದ ಮನೆ ಒಪ್ಪಿಸಬೇಕು ಅನ್ನುವುದೊಂದೇ ಆಸೆ.

"ಅವಳಿಗೆ ಓದೋಕೆ ಬತ್ತದಪ್ಪ. ನಾನ್ ಹೇಳಿದ್ದೆಲ್ಲ ಫೋನಲ್ಲಿ ಬಂದ್ರೆ ನೋಡ್ಕೊಂಡು ಮಾಡ್ತಾಳೆ. ಅದಕ್ಕೇ ನಿಮ್ಗೆ ಹೇಳ್ತಿರೋದು," ಎಂದರು. ನಾನು ಹುಳದ ಮನೆಗೆ ಕಾಲಿಡಲು ಹೋದೆ. ಮೂಗು ಮುಚ್ಚಿಕೊಂಡರು. "ಏಮಪ್ಪಾ, ಏನ್ ಬಳ್ಕೊಂಡು ಬಂದಿದೀಯ ಮೈಗೆಲ್ಲ? ಹುಳ ಸಾಯ್ತವೆ, ಆಚೆ ಕೂತ್ಕೋ!"

ಅದು ಹೊಸ ಬಾಡಿ ಸ್ಪ್ರೇ. ಸ್ನಾನ ಮಾಡಿ ಮಾರನೇ ದಿನ ಹೋಗಬಹುದಿತ್ತು. ನಾನು ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಕಿಟಕಿಯಲ್ಲಿಟ್ಟು ಜಗಲಿಯ ಮೇಲೆ ಕಾಫಿ ಕುಡಿದೆ. ಅವರು ಒಳಗಿನಿಂದ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತ ಕನ್ನಡ, ತೆಲುಗು ಕಲಸಿ ನಲವತ್ತು ನಿಮಿಷ ಹೇಳಿದರು. ಮಧ್ಯಾಹ್ನದ ಬಸ್ಸಿಗೇ ನಾನು ವಾಪಸ್. ಒಂದು ಹುಳವನ್ನೂ ನೋಡಲಿಲ್ಲ.

ಆ ಮಾತನ್ನೆಲ್ಲ ಎಐಗೆ ಕೊಟ್ಟೆ. ಟೀ ಆರುವುದರೊಳಗೆ ನಲವತ್ತೆರಡು ಯೂಸರ್ ಸ್ಟೋರಿ ಬಂದವು, ನನ್ನ ಗಂಗುಲಪ್ಪ ನಾಚಬೇಕು ಹಾಗೆ. ಕೊನೆಯಲ್ಲಿ ಅದು ಐದು ಪ್ರಶ್ನೆ ಹಾಕಿತ್ತು. ಮೂರನೆಯದು ಹೀಗಿತ್ತು: "ಇಲ್ಲಿ 'ಜ್ವರ' ಅಂದರೆ ಕಾಯಿಲೆ ಎಂದುಕೊಂಡಿದ್ದೇನೆ. ಆದರೆ ಅವರು ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ಎಣಿಸುತ್ತಿದ್ದಾರೆ. ದಯವಿಟ್ಟು ಅವರನ್ನೇ ಕೇಳಿ."

ಪ್ರಶ್ನೆಗಳಿದ್ದರೆ ಕೆಲಸ ಮುಗಿದಂತೆ ಕಾಣುವುದಿಲ್ಲ. ಐದನ್ನೂ ಅಳಿಸಿ ಕಳಿಸಿದೆ. "ಏನೂ ಡೌಟ್ ಇಲ್ವೇನೋ?" ಎಂದರು ಮೇಡಂ.

"ಏನೂ ಇಲ್ಲ ಮೇಡಂ."

ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು, ಗೂಡು ಕಟ್ಟುವ ಮೊದಲು ನಾಲ್ಕು ಸಲ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು, ಒಂದು ದಿನ ಸುಮ್ಮನೆ ಕೂತಿರುತ್ತವೆ. ಆಮೇಲೆ ಎದ್ದು ದುಪ್ಪಟ್ಟು ತಿನ್ನುತ್ತವೆ. ಮೇಲೂರಿನಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಎರಡು ತಿಂಗಳಿಗೆ ಆ್ಯಪ್ ಬಂತು. ಪರೀಕ್ಷೆಗೆಂದು ಚೈತ್ರಳ ಫೋನಿಗೆ ನಾನೇ ಹಾಕಿಕೊಟ್ಟೆ. ಕಳವಾರದಲ್ಲಿ ಓಬಳಮ್ಮನ ತಮ್ಮನ ಮನೆ ಗೃಹಪ್ರವೇಶವಿತ್ತು. ಜೀವನದಲ್ಲಿ ಮೊದಲ ಸಲ ಹುಳ ಇರುವಾಗ, ಸೊಸೆ ಇದ್ದಾಳಲ್ಲ ಅಂತ ಧೈರ್ಯ ಮಾಡಿ, ಗಂಡನ ಜೊತೆ ಎರಡು ದಿನ ಹೋದರು. ಹೊರಡುವಾಗ, "ನಾಳೆ ಮೂರನೇ ಜ್ವರಕ್ಕೆ ಕೂರ್ತವೆ, ನೋಡ್ಕಳಮ್ಮ," ಅಂದಿದ್ದರು. ಮಾರನೇ ದಿನ ಹುಳಗಳು ಅಲುಗಾಡಲಿಲ್ಲ. ಅತ್ತೆಗೆ ಫೋನ್ ಮಾಡಿದರೆ ಇಷ್ಟೂ ಗೊತ್ತಿಲ್ವಾ ಅಂತಾರೇನೋ ಎಂದು ಚೈತ್ರ ಆ್ಯಪ್ ತೆಗೆದು 'ಜ್ವರ' ಒತ್ತಿದಳು.

"ಜ್ವರ ಬಂದ ಹುಳಗಳನ್ನು ತಕ್ಷಣ ತೆಗೆದು, ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ" ಎಂದಿತು ಅದು.

ಅಷ್ಟೂ ತಟ್ಟೆಯ ಹುಳ ಹೂತಳು. ಗುಂಡಿಯನ್ನೂ ಅವಳೇ ತೋಡಿದಳಂತೆ.

ವಿಷಯ ತಿಳಿದ ಮೇಲೆ ನಾನು ಹೋಗಲು ಒಂದು ವಾರ ಹಿಡಿಯಿತು; ಮೊದಲ ನಾಲ್ಕು ದಿನ ನನಗೂ ಜ್ವರ ಅಂತ ಆಫೀಸಿಗೆ ಸುಳ್ಳು ಹೇಳಿ ಮಲಗಿದ್ದೆ. ಓಬಳಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಚೈತ್ರ ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿದ್ದಿದ ಆ್ಯಪ್ ತೋರಿಸಿದೆ: ಜ್ವರಕ್ಕೆ ಕೂತಿವೆ, ಮುಟ್ಟಬೇಡಿ, ಸೊಪ್ಪು ಹಾಕಬೇಡಿ. ಅವರು ಫೋನಿನ ಕಡೆ ನೋಡಲಿಲ್ಲ. ಅಳಿಸಿದ ಪ್ರಶ್ನೆಯ ವಿಷಯವನ್ನೂ ಹೇಳಿಬಿಟ್ಟೆ.

"ಕೇಳು ಅಂತ ಯಾರಂದಿದ್ದು?"

"ಎಐ ಅಂತಮ್ಮ. ಕಂಪ್ಯೂಟರ್ರು."

"ಕಂಪ್ಯೂಟರ್‌ಗೆ ಅನುಮಾನ ಬಂತು. ನಿಂಗ್ ಬರ್ಲಿಲ್ವಾ?"

ನಾನೂ ಕೂತು ನಾಲ್ಕು ಕಾಯಿ ಸುಲಿದೆ.

"ಹೊಸ ಹುಳದ ಮರಿ ಬಂದವೆ, ನಾನೊಬ್ಳೇ ನೋಡ್ಕೋಬೇಕು," ಎಂದರು. "ಬೈದಿಲ್ಲ ಕಣಪ್ಪ ನಾನು, ಒಂದು ಮಾತೂ ಬೈದಿಲ್ಲ. ಆದ್ರೂ ಸೊಪ್ಪಿನ ಬುಟ್ಟೀನ ಬಾಗಿಲ ತನಕ ತಂದು ಇಟ್ಬಿಟ್ಟು ಹೋಗ್ತಾಳೆ. 'ಜೀವ ಇದ್ದ ಹುಳಾನ ಹೂತಾಕಿದೀನಿ ನಾನು' ಅಂತಾಳೆ."

ಕೇಳಬಾರದಿತ್ತು. ಕೇಳಿದೆ. "ಅಮ್ಮ, ನಾನು ಸರಿಯಾಗಿ ಎರಡು ದಿನ ಇದ್ದು, ನಿಮ್ಮ ಪಕ್ಕದಲ್ಲೇ ನಿಂತು ಎಲ್ಲ ಬರ್ಕೊಂಡ್ರೆ... ಚೈತ್ರ ಮತ್ತೆ ಹುಳದ ಮನೆಗೆ ಬರ್ತಾರಾ?"

ಓಬಳಮ್ಮ ಸಿಪ್ಪೆಯನ್ನೆಲ್ಲ ಸೆರಗಿನಿಂದ ಕೊಡವಿ, ಮಂಡಿ ಹಿಡಿದುಕೊಂಡು ಎದ್ದರು.

"ಅವಳು ಬರಲ್ಲ. ನೀನೂ ಬರಬೇಡ."