ಗಟ್ಟಿ ಗೋಡೆಯ ದೂರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗೋಡೆಯಕ್ಕ ಅಂತಲೇ ಕರೆಯುತ್ತಿದ್ದರು. ವಿಡಿಯೊ ಗೇಮ್ ತಯಾರಿಸುವ ಆ ಕಂಪನಿಯಲ್ಲಿ ಹದಿನಾರು ವರ್ಷದಿಂದ ಅವಳ ಕೆಲಸ ಒಂದೇ: ಆಟದೊಳಗಿನ ಪ್ರತಿ ಗೋಡೆಗೂ ನಾಯಕನನ್ನು ಗುದ್ದಿಸಿ, ಎಲ್ಲಾದರೂ ಸಂದಿಯಿದ್ದರೆ ದೂರು ಬರೆಯುವುದು. ನಮ್ಮ ಹುಡುಗಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಕೆ ಸಂಬಳ ಎಂದು ಅವಳಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಕಂಪನಿಗೆ ಅನ್ನ ಹಾಕಿದ್ದು ಒಬ್ಬ ಡೊಳ್ಳುಹೊಟ್ಟೆಯ ಅಂಚೆಯಣ್ಣ. ಅವನೇ ನಾಯಕನಾಗಿದ್ದ ಮೊದಲ ಆಟದಲ್ಲಿ, ಅಂಚೆ ಕಚೇರಿಯ ಹಿಂದಿನ ಗೋಡೆಯ ಮೂಲೆಗೆ ಅವನನ್ನು ಒತ್ತಿದರೆ ಗೋಡೆಯೊಳಕ್ಕೆ ನುಗ್ಗಿ, ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು, ಕಾಲು ಬಡಿಯುತ್ತಿದ್ದ. ಗೋಡೆಯಕ್ಕ ಆಗಲೇ ದೂರು ಬರೆದಿದ್ದಳು. ಸರಿಪಡಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಆಡುವವರಿಗೋ ಅದೇ ಪಂಚಪ್ರಾಣವಾಯಿತು. ಕಾಗದ ಹಂಚುವುದು ಬಿಟ್ಟು ಅವನನ್ನು ಸಿಕ್ಕಿಸಿ, ಮನೆಮಂದಿಯನ್ನೆಲ್ಲ ಕರೆದು ತೋರಿಸಿ, ಬಿದ್ದು ಬಿದ್ದು ನಗುತ್ತಿದ್ದರು.

ಹೋದ ವರ್ಷ ಯಜಮಾನರಿಗೆ ಅದೇ ಆಟವನ್ನು ಹೊಸದಾಗಿ ಕಟ್ಟುವ ಹುಕಿ ಬಂತು. ಹೊಸ ಅಂಚೆಯಣ್ಣನಿಗೆ ಚಪ್ಪಟೆ ಹೊಟ್ಟೆ, ಕುರುಚಲು ಗಡ್ಡ, ಸತ್ತ ಹೆಂಡತಿಯ ನೆನಪು. ಗೋಡೆಯಕ್ಕ ಹಳೇ ದೂರನ್ನು ಹುಡುಕಿ ತೆಗೆದು, ಈ ಸಲ ಪಟ್ಟು ಹಿಡಿದು ಗೋಡೆ ಗಟ್ಟಿ ಮಾಡಿಸಿದಳು. ಆಟ ಬಿಡುಗಡೆಯಾದ ದಿನ ಜನ ನೇರ ಆ ಮೂಲೆಗೆ ಹೋಗಿ ಒತ್ತಿದರು, ಇನ್ನೊಮ್ಮೆ ಒತ್ತಿದರು, ಆಟ ಮುಚ್ಚಿ ಎದ್ದರು. ಗಡ್ಡವನ್ನಾದರೂ ಕ್ಷಮಿಸುತ್ತಿದ್ದರೇನೋ, ಗೋಡೆಯನ್ನು ಯಾರೂ ಕ್ಷಮಿಸಲಿಲ್ಲ. ಆರು ತಿಂಗಳಲ್ಲಿ ನಲವತ್ತು ಜನ ಇದ್ದ ಆಫೀಸಿನಲ್ಲಿ ನಾಲ್ವರು ಉಳಿದರು. ಬರುವ ಶುಕ್ರವಾರ ಬಾಗಿಲು ಹಾಕುವುದೆಂದಾಯಿತು.

ಕಂಪನಿ ಉಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ತಾನೇ ಮುಚ್ಚಿಸಿದ ಗೋಡೆಯನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಆಟ ಕೊಂಡವರಿಗೆ ಕೊನೆಯದೊಂದು ತಿದ್ದುಪಡಿ ಕಳಿಸಲು ಇನ್ನೂ ಸಮಯವಿತ್ತು. ದೂರಿಲ್ಲದೆ ಒಂದು ಚುಕ್ಕೆಯನ್ನೂ ಮುಟ್ಟಬಾರದೆಂಬುದು ಅಲ್ಲಿನ ನಿಯಮ, ಮಾಡಿದವಳೂ ಅವಳೇ. ಬುಧವಾರ ಕೂತು ಬರೆದಳು: 'ಗೋಡೆ ಗಟ್ಟಿಯಾಗಿದೆ. ತುರ್ತು.'

ಯಜಮಾನರು ಓದಿ ಕನ್ನಡಕ ತೆಗೆದರು. "ಇಷ್ಟು ವರ್ಷ ನೀವು ಬರೆದದ್ರಲ್ಲಿ ನನಗೆ ಪೂರ್ತಿ ಅರ್ಥ ಆಗಿದ್ದು ಇದೊಂದೇ ಕಣಮ್ಮ," ಎಂದು ಒಪ್ಪಿಗೆ ಕೊಟ್ಟರು.

ಗುರುವಾರ, ಕೋಡ್ ಬರೆಯುವವನು ಗೋಡೆ ಸಡಿಲಿಸಿದ. ಅಂಚೆಯಣ್ಣ ನುಗ್ಗಿದವನು ಎಲ್ಲೂ ತಡೆಯದೆ ಆಚೆ ಬದಿಯ ಶೂನ್ಯಕ್ಕೆ ಜಾರಿ ಹೋದ.

"ಸಿಕ್ಕಿಕೊಳ್ಳೋಕೆ ಇವನಿಗೆ ಹೊಟ್ಟೇನೇ ಇಲ್ವಲ್ಲ ಅಕ್ಕ," ಎಂದ ಕೋಡಿನವನು.

"ಹಾಕು ಮತ್ತೆ."

"ಗಡ್ಡ?"

"ಇರ್ಲಿ ಬಿಡು. ಅವನ ದುಃಖ ಅವನಿಗೆ."

ಶುಕ್ರವಾರ ಮಧ್ಯಾಹ್ನ ಮೇಜು ಕುರ್ಚಿ ಕೊಂಡವರು ಲಾರಿ ತಂದಿದ್ದರು. ಗೋಡೆಯಕ್ಕ ಪರೀಕ್ಷಿಸಿ ನೋಡದೆ ತಿದ್ದುಪಡಿ ಹೊರಡುವಂತಿರಲಿಲ್ಲ. ಮೂಲೆಗೆ ಒತ್ತಿದಳು. ಗಡ್ಡದ ಮುಖ ಗೋಡೆಯೊಳಗೆ ಮರೆಯಾಯಿತು, ಹೊಟ್ಟೆ ನಿಂತಿತು, ಎರಡು ಕಾಲು ಪಟಪಟ ಬಡಿದುಕೊಂಡವು. 'ಸರಿಯಾಗಿದೆ' ಎಂದು ಬರೆದು ಕಳಿಸಿದಳು. ಕೆಲಸ ಮುಗಿದಿತ್ತು. ಆದರೂ ಇನ್ನೊಮ್ಮೆ ಒತ್ತಿದಳು. ದೂರು ಬರೆಯುವ ಗಡಿಬಿಡಿಯಲ್ಲಿ ಅವಳು ಇದನ್ನು ಒಮ್ಮೆಯೂ ನೋಡಿ ನಕ್ಕಿರಲಿಲ್ಲ.

ಲಾರಿಯವನು ಪಕ್ಕದಲ್ಲಿ ನಿಂತು, ಕುರ್ಚಿ ಬೇಕಿತ್ತಮ್ಮ ಎಂದ.

"ಸ್ವಲ್ಪ ತಾಳಪ್ಪ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಇಲ್ಲೊಬ್ಬರು ಸಿಕ್ಕಿಕೊಂಡಿದ್ದಾರೆ."