ತಂತಿಗೆ ತಾಗಿದ ಗೀರು

ಔನೆ ಮೂವತ್ತು ವರ್ಷ ಕುಹ್ಮೊ ಪಟ್ಟಣದ ಸುತ್ತಿನ ಹಳ್ಳಿಗಳಿಗೆ ಅಂಚೆ ಹಂಚಿದವಳು. ನಿವೃತ್ತಿಯಾದ ಮೇಲೆ ಅವಳ ಕೈ ಹಿಡಿದದ್ದು ಮಗಳು ಇಂಕೇರಿಯ ತೋಟಾಗಳ ಕೆಲಸ. ಇಂಕೇರಿ ದೂರದ ಗುರಿಯ ರೈಫಲ್ ಸ್ಪರ್ಧೆಗಳಿಗೆ ಹೋಗುತ್ತಿದ್ದಳು. ಅವಳು ಹೊಡೆದು ಖಾಲಿ ಮಾಡಿದ ಹಿತ್ತಾಳೆ ಕೊಳವೆಗಳನ್ನು ತೊಳೆದು, ಅಚ್ಚಿಗೆ ಒತ್ತಿ ಅಳತೆಗೆ ತಂದು, ಬಾಯಿ ಸಮನಾಗಿ ಕತ್ತರಿಸಿ ಕೊಡುವವಳು ತಾಯಿ. ಮದ್ದು ತುಂಬಿ ಗುಂಡು ಕೂರಿಸುವುದು ಮಗಳ ಪಾಲು. ಔನೆಯ ಕೊಳವೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲವೆಂದು ಕ್ಲಬ್ಬಿನಲ್ಲಿ ಹೆಸರಿತ್ತು.

ಆ ಭಾನುವಾರ ಮಗಳು ಸ್ಪರ್ಧೆಗೆ ಹೊರಟ ಮೇಲೆ, ಆ ಸಲ ಅಚ್ಚಿಗೆ ಒತ್ತಿದ್ದ ಐವತ್ತರಲ್ಲಿ ಅವಳು ಒಯ್ಯದೆ ಉಳಿಸಿದ್ದ ಹತ್ತು ಕೊಳವೆಗಳನ್ನು ಔನೆ ಮುಂದಿಟ್ಟುಕೊಂಡಳು. ಹಿತ್ತಾಳೆ ಎಲ್ಲಾದರೂ ತೆಳುವಾಗಿದೆಯೇ ಎಂದು ನೋಡಲು ತುದಿ ಬಗ್ಗಿಸಿದ ತಂತಿಯನ್ನು ಒಳಗಿಳಿಸಿ ಗೋಡೆಗುಂಟ ಎಳೆದಳು. ಮೂರನೆಯದರಲ್ಲಿ, ಬುಡಕ್ಕಿಂತ ಸ್ವಲ್ಪ ಮೇಲೆ, ತಂತಿ ಎಡವಿತು. ನಾಲ್ಕನೆಯದರಲ್ಲೂ ಎಡವಿತು.

ಅಚ್ಚನ್ನು ಅವಳು ಅರ್ಧ ತಿರುವು ಹೆಚ್ಚು ಬಿಗಿದಿದ್ದಳು. ಅದರಿಂದ ಕೊಳವೆ ಅಳತೆಗಿಂತ ಗಿಡ್ಡವಾಗಿ, ಹೊಡೆದಾಗಲೆಲ್ಲ ಹಿತ್ತಾಳೆ ಹಿಗ್ಗಿ ಹಿಗ್ಗಿ ಅಲ್ಲಿ ತೆಳುವಾಗಿತ್ತು. ಮಗಳು ಒಯ್ದ ನಲವತ್ತಕ್ಕೆ ಈ ಸಲ ತಂತಿ ಹಾಕಿರಲೇ ಇಲ್ಲ. ಮೊಣಕೈ ನೋಯುತ್ತದೆಂದು ಬಿಟ್ಟಿದ್ದಳು. ಕೊಳವೆ ಸೀಳಿದರೆ ಉರಿಗಾಳಿ ಹಿಂದಕ್ಕೆ, ಹೊಡೆಯುವವಳ ಮುಖಕ್ಕೇ ನುಗ್ಗುತ್ತದೆ.

ಮಗಳಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಕಾರು ಹತ್ತಿದಳು; ಮೈದಾನಕ್ಕೆ ನಲವತ್ತು ಕಿಲೋಮೀಟರ್ ದಾರಿ. ಮುಂದೆ ಮರದ ದಿಮ್ಮಿ ಹೊತ್ತ ಲಾರಿ, ದಾಟಲು ಜಾಗವಿಲ್ಲ. ಮೈದಾನದ ಗೇಟಿನಲ್ಲಿ ಇಳಿದಾಗ ಗುಂಡಿನ ಸದ್ದು ಕೇಳಿತು. ಒಂದೊಂದು ಸದ್ದಾದಾಗಲೂ ಅವಳು ಮುಂದಿನದಕ್ಕೆ ಕಿವಿಗೊಟ್ಟಳು. ಸದ್ದು ನಿಂತ ಗಳಿಗೆಯಲ್ಲಿ ಓಡತೊಡಗಿದಳು.

ಗುಂಡು ಹೊಡೆಯುವ ಗೆರೆಯ ಹಿಂದೆ ಮೇಲ್ವಿಚಾರಕ ತಾವೆಟ್ಟಿ ಕೈ ಅಡ್ಡ ಹಿಡಿದ.

"ಏನಾಯ್ತೇ ಔನೆ, ಮನೆಗೆ ಬೆಂಕಿ ಬಿತ್ತಾ?"

"ಎಲ್ರನ್ನೂ ನಿಲ್ಸು. ಇಂಕೇರಿ ತೋಟಾ ಕೆಟ್ಟಿವೆ. ಕೆಡ್ಸಿದ್ದು ನಾನೇ."

ಅವನು ಮರುಮಾತಾಡದೆ ಕೊಂಬು ಊದಿಸಿದ. ಚಾಪೆಯ ಮೇಲೆ ಮಲಗಿದ್ದ ಇಂಕೇರಿ ತಿರುಗಿ ನೋಡಿದಳು. ಮುಖಕ್ಕೆ ಏನೂ ಆಗಿರಲಿಲ್ಲ. ಔನೆ ಅಲ್ಲೇ ಬೆಂಚಿನ ಮೇಲೆ ಕೂತಳು.

"ಇನ್ನು ಮೂರೇ ಗುಂಡಿತ್ತಮ್ಮ. ಎರಡನೇ ಸ್ಥಾನದಲ್ಲಿದ್ದೆ."

"ರೈಫಲ್ ಒಳಗಿರೋದನ್ನ ಮೊದ್ಲು ಹೊರಗೆ ತೆಗಿ."

ಇಂಕೇರಿ ತೆಗೆದಳು. ತಾವೆಟ್ಟಿ ಹೊಡೆದ ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಕೊನೆಯದರ ಸುತ್ತ, ಅರ್ಧಕ್ಕೂ ಹೆಚ್ಚು, ಬಿರುಕು ಬಿಟ್ಟ ಮಸಿಯ ಗೆರೆ ಹಬ್ಬಿತ್ತು. ಅವನು ಅದನ್ನು ಇಂಕೇರಿಯ ಅಂಗೈಗೆ ಹಾಕಿದ.

ಅವಳು ತಾಯಿಯತ್ತ ತಿರುಗಿದಳು. "ತಂತಿ ಹಾಕ್ದೆ ಕೊಟ್ಯಾ? ನೀನಾ?"

ಮನೆಯಲ್ಲಿ ಮೀನಿನ ಸಾರು ತಣ್ಣಗಾದರೂ ಔನೆ ಚಮಚ ಎತ್ತಲಿಲ್ಲ. "ಉಣ್ಣಮ್ಮ," ಎಂದಳು ಇಂಕೇರಿ, "ಬೈಯೋಕೆ ಬಾಯಿ ಉಳ್ದಿದೆಯಲ್ಲ ನಂಗೆ." ಹೊಡೆಯದೆ ಉಳಿದವುಗಳ ಗುಂಡು, ಮದ್ದು ತೆಗೆಸಿ, ಐವತ್ತು ಕೊಳವೆಗಳನ್ನೂ ಔನೆ ಸುತ್ತಿಗೆಯಿಂದ ಚಪ್ಪಟೆ ಮಾಡಿದಳು. ಎರಡು ತಿಂಗಳು ಕೊಳವೆ ಮುಟ್ಟಲಿಲ್ಲ. ಶರತ್ಕಾಲಕ್ಕೆ ಮತ್ತೆ ಕೂತಳು. ಅಚ್ಚನ್ನು ಬಿಗಿಯುವವಳು ಮಾತ್ರ ಈಗ ಮಗಳೇ. ಸ್ಪರ್ಧೆಯ ದಿನ ಔನೆಯೂ ಜೊತೆಗೆ ಹೋಗುತ್ತಾಳೆ. ಗಾಜು ಏರಿಸಿ ಕಾರಿನಲ್ಲೇ ಕೂತಿರುತ್ತಾಳೆ; ಪ್ರತಿ ಸದ್ದಿಗೂ ಅವಳ ಭುಜ ಹಾರುತ್ತದೆ.