ಚಪ್ಪಾಳೆಗೆ ಅಡ್ಡ ನಿಂತ ಜಗದಾಂಬಾ ಸಿಸ್ಟರ್

ರೋಗಿಯ ನಾಡಿ ಹಿಡಿದವರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ರೋಗಿಯ ಅಭಿಮಾನಿಗಳ ನಾಡಿಯನ್ನೂ ಹಿಡಿದವರೆಂದರೆ, ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಜಗದಾಂಬಾ ಅವರೊಬ್ಬರೇ ಇರಬೇಕು. ಕ್ಷಯವೆಂಬ ಹೆಸರು ಕೇಳಿದರೆ ನೆಂಟರಿಷ್ಟರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲದಿಂದ ಹಿಡಿದು ಇಂದಿನವರೆಗೆ, ಶಿವಮೊಗ್ಗದ ಹೊರವಲಯದ ಪುಟ್ಟ ಕ್ಷಯರೋಗ ಆಸ್ಪತ್ರೆಯಲ್ಲಿ ಶುಶ್ರೂಷೆ ನಡೆಸಿದ ಈ ತಾಯಿಯನ್ನು ವೈದ್ಯರು ಸನ್ಮಾನಿಸುವುದು ಸಹಜ. ಆದರೆ ಈ ಅಭಿನಂದನ ಗ್ರಂಥದಲ್ಲಿ ನಾಟಕದವರು ಹಟಮಾಡಿ ಪಾಲು ಕೇಳಿದ್ದೇಕೆಂದು ಓದುಗರು ಬೆರಗಾದಾರು. ಅದನ್ನು ಹೇಳುವುದಕ್ಕೇ ಈ ಲೇಖನ.

ದುರ್ಗಿಗುಡಿಯ ಕಿರಾಣಿ ವ್ಯಾಪಾರಿಯೊಬ್ಬರ ಮಗಳಾದ ಜಗದಾಂಬಾ ಅವರು ನರ್ಸ್ ತರಬೇತಿಗೆ ಹೊರಟಾಗ ಬಂಧುಬಳಗ ಮೂಗು ಮುರಿಯಿತು. ಕೆಲಸ ಸಿಕ್ಕ ಮೇಲೂ ಅವರಿಗೆ ಮನೆಯೊಳಗೆ ಪ್ರವೇಶ ಹಿತ್ತಲ ಬಾಗಿಲಿನಿಂದಲೇ. ಸ್ನಾನವಾಗದೆ ಒಲೆಯ ಬಳಿ ಸುಳಿಯುವಂತಿರಲಿಲ್ಲ. ಇದನ್ನೆಲ್ಲ ನಗುನಗುತ್ತ ನುಂಗಿಕೊಂಡ ಅವರಿಗಿದ್ದದ್ದು ಒಂದೇ ಚಟ, ಕಂಪನಿ ನಾಟಕ. ಅದರಲ್ಲೂ ಅಬ್ಬಾಸ್ ಅಲಿಯವರ ಹಾಡೆಂದರೆ ಊಟ ಬಿಟ್ಟು ಓಡುತ್ತಿದ್ದರು.

ಅಬ್ಬಾಸ್ ಅಲಿಯವರು ಶ್ರೀಕೃಷ್ಣನಾಗಿ ರಂಗಕ್ಕೆ ಬಂದರೆ ಮುದುಕಿಯರು ಕುಳಿತಲ್ಲಿಂದಲೇ ಕೈಮುಗಿಯುತ್ತಿದ್ದ ದಿನಗಳವು. ಆಗಿನ ರಂಗಭೂಮಿಗೊಂದು ಕಟ್ಟಳೆಯಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಯುದ್ಧವನ್ನು ನಿಲ್ಲಿಸಿಯಾದರೂ ನಟ ಮತ್ತೆ ಹಾಡಬೇಕು. ಸತ್ತು ಬಿದ್ದ ಪಾತ್ರವೂ ಎದ್ದು ಕುಳಿತು, ಹಾಡಿ, ಪುನಃ ಸಾಯಬೇಕು. ಒಲ್ಲೆನೆಂದವನನ್ನು ಜನ ನಟನೆಂದೇ ಎಣಿಸುತ್ತಿರಲಿಲ್ಲ, ಮತ್ತು ಅಬ್ಬಾಸ್ ಅಲಿ ಒಮ್ಮೆಯೂ ಒಲ್ಲೆನೆಂದವರಲ್ಲ.

ಅಂಥವರು ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಕಂಪನಿ ಶಿವಮೊಗ್ಗದಲ್ಲಿ ಬಿಡಾರ ಹೂಡಿದ್ದಾಗ, ಕ್ಷಯ ತಗುಲಿ ಜಗದಾಂಬಾ ಅವರ ವಾರ್ಡಿಗೆ ಬಂದು ಮಲಗಿದರು. ಸುದ್ದಿ ಕೇಳಿ ಕಲಾವಿದರ ಬಳಗ ತತ್ತರಿಸಿಹೋಯಿತು. ಪರಸ್ಪರ ಮುಖ ನೋಡದ ಕಂಪನಿಗಳವರು ಒಂದೇ ಬೆಂಚಿನ ಮೇಲೆ ಕುಳಿತು ಕಣ್ಣೀರಿಟ್ಟರು. ಪರದೆ ಬರೆಯುವವರು ಹಾಲು ತಂದರು, ಹಾರ್ಮೋನಿಯಂ ಮಾಸ್ತರರು ಮೊಟ್ಟೆ ತಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹಗಲು ದುಡಿದು ಸಂಜೆ ಬಣ್ಣ ಹಚ್ಚುತ್ತಿದ್ದ ಹವ್ಯಾಸಿ ಸಂಘದ ಮುಖ್ಯಸ್ಥ ಚಂದ್ರಶೇಖರಪ್ಪನವರಂತೂ, ಇಂಜೆಕ್ಷನ್ನಿನ ಖರ್ಚಿಗೆ ಸಹಾಯಾರ್ಥ ನಾಟಕವಾಡುವುದಾಗಿ ಅಲ್ಲೇ ಮಾತು ಕೊಟ್ಟರು.

ಒಂದು ಭಾನುವಾರ ಮಧ್ಯಾಹ್ನ ಅವರು ಸಂಘದವರನ್ನೆಲ್ಲ ಕಟ್ಟಿಕೊಂಡು ವಾರ್ಡಿಗೆ ಬಂದರು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡದ್ದೇ ತಡ, ದಿಂಬಿಗೊರಗಿದ್ದ ಅಬ್ಬಾಸ್ ಅಲಿ ನೆಟ್ಟಗೆ ಕುಳಿತು, ಕೂದಲು ತೀಡಿಕೊಂಡು, ಯಾರೂ ಕೇಳದೆಯೇ ಹಾಡೆತ್ತಿದರು. ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಜಗದಾಂಬಾ ಅವರು ತಡೆಯಬೇಕಿತ್ತು, ತಡೆಯಲಿಲ್ಲ. ಹಾಡು ಮುಗಿದಾಗ ಚಂದ್ರಶೇಖರಪ್ಪನವರು ಕಣ್ಣೊರೆಸಿಕೊಳ್ಳುತ್ತ, ಪ್ರೀತಿಯಿಂದ, ಬರಿಯ ಪ್ರೀತಿಯಿಂದ, “ಒನ್ಸ್ ಮೋರ್!” ಎಂದುಬಿಟ್ಟರು.

ಅಬ್ಬಾಸ್ ಅಲಿ ಮತ್ತೆ ಬಾಯಿ ತೆರೆದರು. ಎರಡನೆಯ ಸಾಲಿಗೆ ಹಾಡು ನಿಂತು ರಕ್ತ ಬಂತು. ಹೊದಿಕೆಯ ಮೇಲೆಲ್ಲ, ಸಿಸ್ಟರ ಬಿಳಿ ಸೀರೆಯ ಮೇಲೆಲ್ಲ ರಕ್ತ. ಕುಂಕುಮದ ನೀರನ್ನು ರಕ್ತವೆಂದು ಚೆಲ್ಲಿ ಶಿಳ್ಳೆ ಗಿಟ್ಟಿಸಿದ್ದ ಮಂದಿ ನಿಜವಾದದ್ದನ್ನು ಕಂಡು ಗರಬಡಿದವರಂತೆ ನಿಂತರು. ಜಗದಾಂಬಾ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ನಡುಗಿಸಿದ್ದು ಬೇರೊಂದು ಸಂಗತಿ: ಆ ಗಳಿಗೆಯಲ್ಲಿ ಅವರ ಕಿವಿಯೂ ಆ ಹಾಡನ್ನು ಇನ್ನೊಮ್ಮೆ ಬೇಡಿತ್ತು. ಹೀಗೆಯೇ ಎಲ್ಲರೂ ಪ್ರೀತಿಸುತ್ತ ಹೋದರೆ ಈ ಮನುಷ್ಯ ಉಳಿಯುವುದಿಲ್ಲವೆಂಬುದು ಅವರಿಗೆ ಅಂದು ಸ್ಪಷ್ಟವಾಯಿತು.

ಸಂಜೆ ಅಬ್ಬಾಸ್ ಅಲಿಯವರ ಪತ್ನಿ ಕರೀಮಾಬಿ ಬಂದು ಜಗದಾಂಬಾ ಅವರ ಕೈ ಹಿಡಿದುಕೊಂಡು, “ಅಕ್ಕಾ, ಯಾರನ್ನೂ ಒಳಗೆ ಬಿಡಬೇಡಿ. ನಂಗೆ ಗಂಡ ಬೇಕು, ಹಾಡು ಬೇಡ” ಎಂದರು.

ಮರುದಿನದಿಂದ ಕಲಾವಿದರಿಗೆ ವಾರ್ಡಿನ ಬಾಗಿಲು ಮುಚ್ಚಿತು. ದೂರದಿಂದ ಬಂದ ಹೆಸರಾಂತ ನಟರೂ ಗೇಟಿನಿಂದಲೇ ಹಿಂದಿರುಗಬೇಕಾಯಿತು. ‘ಕಲ್ಲೆದೆಯವಳು’, ‘ಕಲೆಯ ಗಂಧವಿಲ್ಲದವಳು’ ಎಂಬ ಬಿರುದುಗಳು ಜಗದಾಂಬಾ ಅವರಿಗೆ ಧಾರಾಳವಾಗಿ ಸಂದವು. ತಂದ ಹಾಲು, ಮೊಟ್ಟೆಗಳನ್ನು ಅವರು ಇಸಿದುಕೊಂಡು, ತಂದವರನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತಿದ್ದರು.

ಭದ್ರಾವತಿಯ ಸಹಾಯಾರ್ಥ ನಾಟಕಕ್ಕೆ ಜನ ಕಿಕ್ಕಿರಿದು, ಔಷಧಿಯ ಚಿಂತೆ ನೀಗಿತು. ಅದಾದ ಮೇಲೆ ಚಂದ್ರಶೇಖರಪ್ಪನವರು ಗೇಟಿಗೆ ಬಂದು ತಲೆತಗ್ಗಿಸಿ ನಿಂತರು. “ಸಿಸ್ಟರಮ್ಮ, ತಪ್ಪಾಯ್ತು. ಅವ್ನು ಇನ್ನೂ ಇದಾನೆ ಅಂತ ನಮ್ಮೋರು ನಂಬ್ತಾ ಇಲ್ಲ. ಒಂದ್ಸಲ ಮುಖ ತೋರ್ಸಿ ಸಾಕು.”

“ತೋರಿಸ್ತೀನಿ. ಆದ್ರೆ ಒಂದು ಚಪ್ಪಾಳೆನೂ ಕೇಳಿಸಬಾರದು. ಚಪ್ಪಾಳೆ ಕೇಳಿದ್ರೆ ಹಾಡ್ತಾರೆ, ಹಾಡಿದ್ರೆ ಸಾಯ್ತಾರೆ. ಅಷ್ಟೇ ಕಣ್ರಿ.”

ಹೇಳಿದ ದಿನ ಬೆಳಗ್ಗೆ ಆಸ್ಪತ್ರೆಯ ಅಂಗಳ ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಕಲಾವಿದರಿಂದ ತುಂಬಿಹೋಯಿತು. ಗಂಟಲೇ ಬಂಡವಾಳವಾದ ಆ ಜನ ಕೆಮ್ಮನ್ನೂ ಅದುಮಿಕೊಂಡು ನಿಂತಿದ್ದರು. ಸಿಸ್ಟರ ಕೈ ಹಿಡಿದು ಜಗಲಿಗೆ ಬಂದ ಅಬ್ಬಾಸ್ ಅಲಿ ಆ ಮೌನವನ್ನು ಕಂಡು ಬಿಳಿಚಿಕೊಂಡರು.

“ಸಿಸ್ಟರ್, ಯಾಕೆ ಎಲ್ರೂ ಹಿಂಗೆ ನಿಂತಿದಾರೆ? ನಾನು ಹೋಗ್ಬಿಟ್ನಾ?”

ಜಗದಾಂಬಾ ಅವರು ಹಿಡಿದ ಕೈಯನ್ನು ಮೆಲ್ಲಗೆ ಅಲುಗಿಸಿದರು. “ಅಯ್ಯೋ ಮಾರಾಯ್ರೆ, ಇಲ್ಲೇ ಇದೀರಿ. ನೀವು ಇರ್ಬೇಕು ಅಂತಾನೇ ಅವರೆಲ್ಲ ಬಾಯಿ ಕಟ್ಕೊಂಡಿರೋದು!”

ಅಬ್ಬಾಸ್ ಅಲಿ ಅಂಗಳವನ್ನು ದಿಟ್ಟಿಸಿದರು. ಹಳೆಯ ಅಭ್ಯಾಸಬಲದಿಂದ ಎದೆಯುಬ್ಬಿಸಿ ಉಸಿರೆಳೆದುಕೊಂಡರು. ಸಿಸ್ಟರು ಹೆದರಿ ಮುಂದೆ ಬರುವಷ್ಟರಲ್ಲಿ ಕೆಳಗೆ ಚಂದ್ರಶೇಖರಪ್ಪನವರು ಕೈಮುಗಿದು, ಬೇಡವೆಂದು ತಲೆಯಾಡಿಸಿದರು. ನೋಡನೋಡುತ್ತ ಅಂಗಳವೆಲ್ಲ ಕೈಮುಗಿಯಿತು, ಅಂಗಳವೆಲ್ಲ ತಲೆಯಾಡಿಸಿತು. ಎಳೆದ ಉಸಿರನ್ನು ಅಬ್ಬಾಸ್ ಅಲಿ ಮೆಲ್ಲಗೆ ಬಿಟ್ಟರು. ತಾವೂ ಕೈಮುಗಿದು, ಹಿಂದೆಯೇ ನಿಂತಿದ್ದ ಕರೀಮಾಬಿಯವರ ಭುಜ ಹಿಡಿದು, ತಾವಾಗಿಯೇ ಹಾಸಿಗೆಗೆ ನಡೆದರು.

ಆ ಮೇಲಿನ ವರ್ಷಗಳಲ್ಲಿ ಕಲಾವಿದರಾರಾದರೂ ಕಾಯಿಲೆ ಬಿದ್ದರೆ, ಹೋಗಿ ನೋಡುವುದಕ್ಕೂ ಮೊದಲು ಜಗದಾಂಬಾ ಅವರನ್ನು ಕೇಳುವುದು ಎರಡೂ ಊರಿನ ನಾಟಕದವರಿಗೆ ರೂಢಿಯಾಯಿತು. ನಿವೃತ್ತಿಯಿಂದ ಈ ರೂಢಿಯೇನೂ ತಪ್ಪದೆಂದು ನಂಬಿದ್ದೇವೆ. ಅವರಿಗೆ ಭಗವಂತ ನೂರು ವರ್ಷದ ಆಯಸ್ಸನ್ನೂ, ಜನರನ್ನು ಗದರಿಸುವಷ್ಟು ಶಕ್ತಿಯನ್ನೂ ಕೊಟ್ಟು ಕಾಪಾಡಲಿ. ಸನ್ಮಾನದ ದಿನ ಅವರ ಕೊರಳಿಗೆ ಹಾರ ಹಾಕಲು ಅಬ್ಬಾಸ್ ಅಲಿಯವರು ಬರುತ್ತಿದ್ದಾರೆ. ಅವರು ಹಾಡುವುದಿಲ್ಲ; ಬರುತ್ತಾರೆ.